ರೂಮ್ ಇಕ್ಯೂ ವಿಝರ್ಡ್‌ನಲ್ಲಿ ಮೈಕ್ ಅಳತೆ: ನಾಲ್ಕು ವರ್ಷ ಬಳಸಿದ ಮೇಲೆ

ಹಳೇ ಮೈಕ್‌ಗಳನ್ನು ರಿಪೇರಿ ಮಾಡುವುದು ನನ್ನ ಹವ್ಯಾಸ. ರಿಪೇರಿ ಆದ ಮೇಲೆ ಫ್ರೀಕ್ವೆನ್ಸಿ ರೆಸ್ಪಾನ್ಸ್, ಅಂದರೆ ಯಾವ ಫ್ರೀಕ್ವೆನ್ಸಿಯನ್ನು ಮೈಕ್ ಎಷ್ಟು ಹಿಡಿಯುತ್ತದೆ ಅನ್ನುವ ಗ್ರಾಫ್, ನೋಡಬೇಕಲ್ವಾ? ಅದಕ್ಕೆ ನಾಲ್ಕು ವರ್ಷದಿಂದ ರೂಮ್ ಇಕ್ಯೂ ವಿಝರ್ಡ್ ಅನ್ನುವ ಉಚಿತ ಸಾಫ್ಟ್‌ವೇರ್ ಬಳಸುತ್ತಿದ್ದೇನೆ. ಹೆಸರಲ್ಲಿ ರೂಮ್ ಇದ್ದರೂ ಮೈಕ್ ಅಳೆಯಲು ಚೆನ್ನಾಗಿಯೇ ಇದೆ. ಸ್ಪೀಕರ್‌ನಲ್ಲಿ ಒಂದು ಸಿಗ್ನಲ್ ನುಡಿಸಿ, ಮೈಕ್ ಹಿಡಿದದ್ದನ್ನು ಅದು ಗ್ರಾಫ್ ಮಾಡುತ್ತದೆ; ಯಾವ ಸಿಗ್ನಲ್ ಹಾಕಬೇಕು ಅನ್ನುವುದು ಮಾತ್ರ ನಮ್ಮ ತಲೆನೋವು.

ಮೊದಲು ಸಾದಾ ಪಿಂಕ್ ನಾಯ್ಸ್ (ಜಲಪಾತದಂಥ ಭೋರೆನ್ನುವ ಸದ್ದು) ಹಿಡಿದುಕೊಂಡೆ. ಎಲ್ಲಾ ಆಕ್ಟೇವ್‌ಗೂ (ಫ್ರೀಕ್ವೆನ್ಸಿ ಎರಡರಷ್ಟಾಗುವ ಅಂತರ) ಸಮ ಶಕ್ತಿ, ಗ್ರಾಫ್ ಕಣ್ಣೆದುರೇ ಮೂಡುತ್ತದೆ. ಆದರೆ ಬಾಸ್ ಕಡೆ ಗೆರೆ ಕುಣಿಯುತ್ತಲೇ ಇರುತ್ತಿತ್ತು. 50 ಹರ್ಟ್ಜ್ ಹತ್ತಿರ ಮೂರನೇ ಒಂದು ಆಕ್ಟೇವ್ ಅಂದರೆ 12 ಹರ್ಟ್ಜ್ ಅಗಲವೂ ಇಲ್ಲ. ಅಲ್ಲಿ ಏರಿಳಿತ ಅರ್ಧ ಡೆಸಿಬೆಲ್‌ಗೆ ಇಳಿಯಲು ಆರೇಳು ಸೆಕೆಂಡ್ ಸರಾಸರಿ ಬೇಕು. 20 ಹರ್ಟ್ಜ್‌ಗೆ ಅದರ ಎರಡೂವರೆ ಪಟ್ಟು.

ಪೀರಿಯಾಡಿಕ್ ಪಿಂಕ್ ನಾಯ್ಸ್‌ಗೆ ಬಂದ ಮೇಲೆ ಆ ಕಾಟ ತಪ್ಪಿತು. ಒಂದೇ ತುಣುಕು ಮತ್ತೆ ಮತ್ತೆ ಬರುತ್ತದೆ. ಸದ್ದನ್ನು ಫ್ರೀಕ್ವೆನ್ಸಿಗಳಾಗಿ ಬಿಡಿಸುವ ಲೆಕ್ಕವಾದ ಎಫ್‌ಎಫ್‌ಟಿಯ ಉದ್ದವನ್ನು ಅದಕ್ಕೆ ಹೊಂದಿಸಿ, ರೆಕ್ಟ್ಯಾಂಗ್ಯುಲರ್ ವಿಂಡೋ (ತುಣುಕಿನ ಅಂಚುಗಳನ್ನು ತಗ್ಗಿಸದ ಆಯ್ಕೆ) ಇಟ್ಟರೆ ಗೆರೆ ತಟಸ್ಥ. ಮೈಕ್‌ಗೆ ಫೋಮ್ ಹಾಕಿ ತೆಗೆದು ನೋಡುವಾಗ ಇದೇ ಸುಖ. ಯುಎಸ್‌ಬಿ ಮೈಕ್‌ಗೆ ಬೇಡ. ಅದರೊಳಗಿನ ಕ್ಲಾಕ್ ಬೇರೆ, ಸಿಗ್ನಲ್ ನುಡಿಸುವ ಸೌಂಡ್‌ಕಾರ್ಡ್‌ನದು ಬೇರೆ, ಲೆಕ್ಕ ಕೂಡುವುದಿಲ್ಲ.

ನಂಬಿ ಉಳಿಸಿಕೊಳ್ಳುವ ಅಳತೆಗೆ ನಾನು ಲಾಗ್ ಸ್ವೀಪ್ (ಪ್ರತಿ ಆಕ್ಟೇವ್‌ಗೂ ಸಮ ಸಮಯ ಕೊಟ್ಟು ಬಾಸ್‌ನಿಂದ ಮೇಲಕ್ಕೇರುವ ಒಂಟಿ ಸ್ವರ) ಬಿಟ್ಟು ಬೇರೆ ಹಾಕುವುದಿಲ್ಲ. 48 ಕಿಲೋಹರ್ಟ್ಜ್‌ನಲ್ಲಿ 256ಕೆ ಸ್ಯಾಂಪಲ್‌ಗಳ ಸ್ವೀಪ್‌ಗೆ ಐದೂವರೆ ಸೆಕೆಂಡ್, ಅಷ್ಟೇ. ಇಟಲಿಯ ಧ್ವನಿ ಸಂಶೋಧಕ ಅಂಜೆಲೊ ಫರೀನಾ 2000ದಲ್ಲಿ ವಿವರಿಸಿದ ಉಪಾಯ ಇದು: ಸ್ಪೀಕರ್‌ನ ಹಾರ್ಮೋನಿಕ್ ಡಿಸ್ಟಾರ್ಷನ್ (ಅದು ತಾನಾಗಿ ಸೇರಿಸುವ ಹೆಚ್ಚುವರಿ ಸ್ವರಗಳು) ಇಂಪಲ್ಸ್ ರೆಸ್ಪಾನ್ಸ್‌ನಲ್ಲಿ, ಅಂದರೆ ಸ್ವೀಪ್‌ನಿಂದ ಲೆಕ್ಕ ಹಾಕಿದ ಒಂದು ಚಿಟಿಕೆ ಸದ್ದಿನ ಪ್ರತಿಕ್ರಿಯೆಯಲ್ಲಿ, ಮುಖ್ಯ ಪೀಕ್‌ಗಿಂತ ಮೊದಲೇ ಬೇರೆಯಾಗಿ ಬಂದು ನಿಲ್ಲುತ್ತದೆ. ಕತ್ತರಿಸಿ ಬಿಸಾಕಬಹುದು. ಗೋಡೆಯ ಪ್ರತಿಧ್ವನಿಯನ್ನೂ ಹಾಗೇ ಕತ್ತರಿಸುತ್ತೇನೆ. ಆದರೆ 5 ಮಿಲಿಸೆಕೆಂಡ್‌ಗೆ ಕತ್ತರಿಸಿದರೆ 200 ಹರ್ಟ್ಜ್ ಕೆಳಗಿನದನ್ನು ನಂಬಬಾರದು. ಫ್ಯಾನ್ ಸದ್ದು ಇದ್ದರೆ ಸ್ವೀಪ್ ಉದ್ದ ಮಾಡಿ, ಎರಡರಷ್ಟಕ್ಕೆ 3 ಡೆಸಿಬೆಲ್ ಲಾಭ. ಮಧ್ಯೆ ಬಾಗಿಲು ಬಡಿದರೆ ಮಾತ್ರ ಸುಮ್ನೆ ಇನ್ನೊಮ್ಮೆ ಓಡಿಸುವುದೇ ವಾಸಿ.

ಒಂದು ಪೆಚ್ಚು ಪ್ರಸಂಗ. ಒಮ್ಮೆ ಲ್ಯಾಪ್‌ಟಾಪ್‌ನಲ್ಲಿ ಯಾವ ಮೈಕ್ ಇಟ್ಟರೂ ಗ್ರಾಫ್ ಕುಸಿಯುತ್ತಿತ್ತು. ಎರಡು ಕ್ಯಾಪ್ಸೂಲ್ (ಮೈಕ್‌ನೊಳಗೆ ಸದ್ದು ಹಿಡಿಯುವ ಭಾಗ) ಬದಲಾಯಿಸಿದೆ. ಕೊನೆಗೆ ನೋಡಿದರೆ ಆಡಿಯೋ ಸೆಟ್ಟಿಂಗ್‌ನಲ್ಲಿ ನಾಯ್ಸ್ ಸಪ್ರೆಷನ್ ಆನ್ ಇತ್ತು. ಪಿಂಕ್ ನಾಯ್ಸ್ ಕೂಡ ನಾಯ್ಸೇ ತಾನೆ, ಅದು ಪ್ರಾಮಾಣಿಕವಾಗಿ ಅಳಿಸಿ ಹಾಕುತ್ತಿತ್ತು!

ಈಗಿನ ನನ್ನ ಕ್ರಮ: ಮೊದಲು ಕ್ಯಾಲಿಬ್ರೇಷನ್ ಫೈಲ್ (ಮೈಕ್‌ನ ಸ್ವಂತ ಏರುಪೇರಿನ ದಾಖಲೆ) ಇರುವ ಮೈಕ್‌ಗೆ ಒಂದು ಸ್ವೀಪ್, ಅದೇ ಜಾಗದಲ್ಲಿ ರಿಪೇರಿ ಮೈಕ್‌ಗೆ ಇನ್ನೊಂದು. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಸ್ಪೀಕರ್‌ನ ಗುಣ ಕಳೆದುಹೋಗುತ್ತದೆ. 10 ಕಿಲೋಹರ್ಟ್ಜ್‌ನ ಅಲೆ ಬರೀ 3.4 ಸೆಂಟಿಮೀಟರ್, ಹಾಗಾಗಿ ಜಾಗಕ್ಕೆ ದಾರ ಕಟ್ಟಿ ಗುರುತು ಮಾಡಿದ್ದೇನೆ. ಬಾಸ್‌ಗೆ ಮೈಕನ್ನು ಸ್ಪೀಕರ್‌ನ ಕೋನ್ ಹತ್ತಿರ ಒಯ್ಯುತ್ತೇನೆ, ಓಮ್ನಿ (ಎಲ್ಲಾ ದಿಕ್ಕಿನಿಂದ ಸಮವಾಗಿ ಕೇಳುವ ಮೈಕ್) ಆದರೆ ಮಾತ್ರ. ಕಾರ್ಡಿಯಾಯ್ಡ್ (ಮುಖ್ಯವಾಗಿ ಮುಂದಿನಿಂದ ಕೇಳುವ ಮೈಕ್) ಆದರೆ ಹತ್ತಿರ ಹೋದಷ್ಟೂ ಬಾಸ್ ಉಬ್ಬುತ್ತದೆ. ಅದರ ಗ್ರಾಫನ್ನು 200 ಹರ್ಟ್ಜ್‌ಗಿಂತ ಕೆಳಗೆ ಬಿಡದೆ ನಿಲ್ಲಿಸಿಬಿಡುತ್ತೇನೆ.