ವಿಲ್ಲೀಸ್ ಎಂಬಿ: ಗಾಡಿಗೆ ಫುಲ್ ಮಾರ್ಕ್ಸ್, ಹೊಸ ಪಾರ್ಟ್ಸ್‌ಗೆ ಪಾಸ್ ಮಾರ್ಕ್ಸೂ ಕಷ್ಟ

ಹಳೇ ಮಿಲಿಟರಿ ಜೀಪು ಇಟ್ಟುಕೊಂಡವರನ್ನು ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಇದಕ್ಕೆ ಪಾರ್ಟ್ಸ್ ಸಿಗುತ್ತಾ?" ಸಿಗುತ್ತದೆ, ಬೇಕಾದಷ್ಟು. ಅದೇ ಈ ಗಾಡಿಯ ದೊಡ್ಡ ತಲೆನೋವು. ವಿಲ್ಲೀಸ್ ಎಂಬಿ ಓಡಿಸುವ ಮಜಾದ ಬಗ್ಗೆ ಬರೆಯುವವರು ಬಹಳ ಜನ ಇದ್ದಾರೆ. ನಾನು ಬರೆಯುತ್ತಿರುವುದು ಅದನ್ನು ಓಡುವ ಸ್ಥಿತಿಯಲ್ಲಿ ಇಟ್ಟುಕೊಳ್ಳುವುದರ ಬಗ್ಗೆ.

ಮೊದಲು ಹೊಗಳಿಬಿಡುತ್ತೇನೆ. ಎರಡನೇ ಮಹಾಯುದ್ಧಕ್ಕೆಂದು 1941ರಿಂದ 1945ರೊಳಗೆ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ 6 ಲಕ್ಷಕ್ಕೂ ಜಾಸ್ತಿ ಜೀಪು ಮಾಡಿದರು. ವಿಲ್ಲೀಸ್‌ದು ಎಂಬಿ, ಫೋರ್ಡ್‌ದು ಜಿಪಿಡಬ್ಲ್ಯೂ. ಒಂದರ ಪಾರ್ಟು ಇನ್ನೊಂದಕ್ಕೆ ಕೂರುತ್ತದೆ. ಫೋರ್ಡ್‌ನವರು ತಮ್ಮ ಬೋಲ್ಟಿನ ತಲೆಗೂ 'ಎಫ್' ಅಂತ ಅಚ್ಚು ಹಾಕಿದ್ದರು. ಆ ಎಫ್ ಬೋಲ್ಟುಗಳನ್ನೇ ಹುಡುಕಿ ಹುಡುಕಿ ಕೂಡಿಸುವವರಿದ್ದಾರೆ. ನನಗೆ ಆ ಹುಚ್ಚಿಲ್ಲ. ಬೋಲ್ಟು ಬಿಗಿಯಾಗಿ ನಿಂತರೆ ಸಾಕು.

ಎಂಜಿನ್ 2.2 ಲೀಟರ್, ನಾಲ್ಕು ಸಿಲಿಂಡರ್, 60 ಹಾರ್ಸ್‌ಪವರ್. ವಾಲ್ವ್‌ಗಳು ಹೆಡ್ಡಿನಲ್ಲಿಲ್ಲ, ಬ್ಲಾಕಿನ ಪಕ್ಕದಲ್ಲಿವೆ. ಹಾಗಾಗಿ ಹೆಡ್ ಅಂದರೆ ಬರೀ ಒಂದು ಮುಚ್ಚಳ. ನಟ್ಟು ಬಿಚ್ಚಿ ಎತ್ತಿಟ್ಟರೆ ಪಿಸ್ಟನ್ನು, ವಾಲ್ವು ಎಲ್ಲ ಕಣ್ಣೆದುರಿಗೇ ಇರುತ್ತದೆ. ಇಗ್ನಿಷನ್ ಪಾಯಿಂಟಿನ ಗ್ಯಾಪ್ 0.020 ಇಂಚು, ಪ್ಲಗ್ ಗ್ಯಾಪ್ 0.030, ಎಂಜಿನ್ ತಣ್ಣಗಿದ್ದಾಗ ವಾಲ್ವ್ ಗ್ಯಾಪ್ 0.014, ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಉರಿಯುವ ಸರದಿ, 1-3-4-2. ಇಷ್ಟು ಬಾಯಿಪಾಠ ಮಾಡಿಕೊಂಡು, ಗ್ಯಾಪ್ ಅಳೆಯುವ ಫೀಲರ್ ಗೇಜ್ ಕೈಯಲ್ಲೊಂದು ಇದ್ದರೆ ಟ್ಯೂನಿಂಗ್ ಮುಕ್ಕಾಲು ಮುಗಿದಂತೆ.

ಜೊತೆಗೆ ಸೈನ್ಯದ ಮ್ಯಾನ್ಯುಯಲ್ ಇದೆ, ಟಿಎಂ 9-803, 1944ರದ್ದು. ಇವತ್ತಿಗೂ ಅದನ್ನು ಮೀರಿಸಿದ್ದು ನಾನು ನೋಡಿಲ್ಲ. ಗಾಡಿ ಹೊರಡುವ ಮುಂಚೆ ಏನು ನೋಡಬೇಕು, ಓಡುವಾಗ ಏನು ಗಮನಿಸಬೇಕು, ದಾರಿಯಲ್ಲಿ ನಿಂತಾಗ ಏನು, ಮನೆಗೆ ಬಂದ ಮೇಲೆ ಏನು ಅಂತ ಬೇರೆ ಬೇರೆಯಾಗಿ ಬರೆದಿದ್ದಾರೆ. ನನಗೆ ಇಷ್ಟವಾದದ್ದು ನಿಂತಾಗ ಮಾಡುವ ಕೆಲಸ: ಇಳಿದು ಒಂದು ಸುತ್ತು ಬಂದು ನಾಲ್ಕೂ ಚಕ್ರದ ಹಬ್ಬು, ಬ್ರೇಕ್ ಡ್ರಮ್ಮು ಕೈಯಲ್ಲಿ ಮುಟ್ಟಿ ನೋಡುವುದು. ಒಂದೇ ಒಂದು ಡ್ರಮ್ಮು ಕೈ ಇಡಲಾಗದಷ್ಟು ಸುಡುತ್ತಿದ್ದರೆ ಅಲ್ಲಿ ಬ್ರೇಕ್ ಶೂ ಉಜ್ಜುತ್ತಿದೆ, ಇಲ್ಲವೇ ಬೇರಿಂಗ್ ಬಿಗಿಯಾಗಿದೆ ಅಂತ ಅರ್ಥ. ನಿಮಿಷವೂ ಬೇಡ ಅದಕ್ಕೆ. ಈಗ ನಮ್ಮ ಕಾರಿಗೂ ಹೀಗೇ ಮಾಡುತ್ತೇನೆ, ಮನೆಯವರು ನಗುತ್ತಾರೆ.

ಇನ್ನು ಜಗಳದ ವಿಷಯ: ಈ ಗಾಡಿಯ 6 ವೋಲ್ಟ್ ಬ್ಯಾಟರಿ. "ಸೆಲ್ಫ್ ನಿಧಾನ, ಲೈಟು ಮಂದ, 12 ವೋಲ್ಟ್‌ಗೆ ಬದಲಾಯಿಸಿಬಿಡಿ" ಅಂತ ಸಲಹೆ ಕೊಡದವರೇ ಇಲ್ಲ. ನಾನು ಬದಲಾಯಿಸಿಲ್ಲ, ಬದಲಾಯಿಸುವುದೂ ಇಲ್ಲ. ಹೊಸದಾಗಿದ್ದಾಗ ಚೆನ್ನಾಗಿ ಸ್ಟಾರ್ಟ್ ಆಗುತ್ತಿದ್ದ ಗಾಡಿ ಈಗ ಆಗುತ್ತಿಲ್ಲ ಅಂದರೆ ತಪ್ಪು 6 ವೋಲ್ಟಿನದ್ದಲ್ಲ, ಅಲ್ವಾ? ಅಷ್ಟೇ ಕೆಲಸ ಮಾಡಲು 6 ವೋಲ್ಟಿನಲ್ಲಿ ಕರೆಂಟು ಎರಡರಷ್ಟು ಹರಿಯಬೇಕು. ಅದಕ್ಕೆ ದಪ್ಪ ಕೇಬಲ್ ಬೇಕು. ಹೆಚ್ಚಿನ ಜೀಪುಗಳಲ್ಲಿ ಯಾರೋ ಯಾವತ್ತೋ ಮಾಮೂಲಿ ಕಾರಿನ ತೆಳು ಬ್ಯಾಟರಿ ಕೇಬಲ್ ಹಾಕಿ ಹೋಗಿರುತ್ತಾರೆ. ದಾರಿಯಲ್ಲಿ ಅರ್ಧ ವೋಲ್ಟ್ ಸೋರಿದರೆ 12 ವೋಲ್ಟಿನ ಗಾಡಿಗೆ ಹೋಗುವುದು ಇಪ್ಪತ್ನಾಲ್ಕನೇ ಒಂದು ಪಾಲು, 6 ವೋಲ್ಟಿನದ್ದಕ್ಕೆ ಹನ್ನೆರಡನೇ ಒಂದು ಪಾಲು.

ಪರೀಕ್ಷೆ ಸುಲಭ. ವೋಲ್ಟ್ ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ ಹಿಡಿಯಿರಿ. ಕ್ಲ್ಯಾಂಪಿಗಲ್ಲ, ಸೀಸದ ಕಂಬಕ್ಕೇ. ಇನ್ನೊಂದನ್ನು ಸೆಲ್ಫ್ ಮೋಟಾರಿನ ಮೈಗೆ, ಬಣ್ಣ ಕೆರೆದ ಜಾಗಕ್ಕೆ. ಯಾರಾದರೂ ಸೆಲ್ಫ್ ಒತ್ತಲಿ. ಮುಳ್ಳು ಸೊನ್ನೆಯಿಂದ ಅಲುಗಿದರೂ ಅಲುಗದ ಹಾಗಿರಬೇಕು. ಎದ್ದು ನಿಂತರೆ ಅರ್ತ್ ಕೆಟ್ಟಿದೆ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿನ ಮೇಲೆ, ಹಾಗಾಗಿ ಎಂಜಿನ್ನಿಗೂ ಚಾಸಿಗೂ ನಡುವಿನ ಹೆಣೆದ ತಾಮ್ರದ ಪಟ್ಟಿಯೇ ಕರೆಂಟಿನ ದಾರಿ. ಅದು ಒಂದೋ ಹಸಿರು ಹಿಡಿದಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ಕೂತ ಜಾಗವನ್ನು ಹೊಳೆಯುವವರೆಗೂ ಉಜ್ಜಿ, ಹೊಸ ಪಟ್ಟಿ ಬಿಗಿದು, ಕೇಬಲ್ ದಪ್ಪದ್ದು ಹಾಕಿದ ಮೇಲೆ ನನ್ನ ಗಾಡಿ ಚಳಿಯಲ್ಲೂ ತಕರಾರು ಮಾಡಿಲ್ಲ.

ಬ್ರೇಕು ಸಾಧಾರಣ, ಸುಳ್ಳು ಹೇಳುವುದಿಲ್ಲ. ನಾಲ್ಕೂ ಡ್ರಮ್ಮು, ಬ್ರೇಕ್ ಆಯಿಲ್ ಲೈನು ಒಂದೇ. ಎಲ್ಲಾದರೂ ಒಂದು ಪೈಪು ಒಡೆದರೆ ಪೆಡಲ್ಲು ಪೂರ್ತಿ ಕೆಳಗೆ. ಮಾಸ್ಟರ್ ಸಿಲಿಂಡರ್ ಕಾಲ ಕೆಳಗಿದೆ, ನೆಲದಲ್ಲಿನ ಸಣ್ಣ ಮುಚ್ಚಳ ತೆಗೆದು ಆಯಿಲ್ ನೋಡಬೇಕು. ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಯಾರೂ ನೋಡುವುದಿಲ್ಲ. ಶೂ ಅಡ್ಜಸ್ಟ್ ಮಾಡುವಾಗ ಎಲ್ಲರೂ ಮೇಲಿನ ಕ್ಯಾಮ್ ಮಾತ್ರ ತಿರುಗಿಸುತ್ತಾರೆ. ಕೆಳಗೆ ಆ್ಯಂಕರ್ ಪಿನ್ನೂ ತಿರುಗುತ್ತದೆ. ಲೈನಿಂಗ್ ಹೊಸದು ಹಾಕಿದಾಗ ಅದನ್ನು ಸರಿಮಾಡದಿದ್ದರೆ ಶೂ ಒಂದೇ ತುದಿಯಲ್ಲಿ ಕಚ್ಚಿ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಹ್ಯಾಂಡ್‌ಬ್ರೇಕು ಚಕ್ರಕ್ಕಲ್ಲ, ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟಿಗೆ. ಅಲ್ಲಿನ ಆಯಿಲ್ ಸೀಲ್ ಸೋರಿದರೆ ಲೈನಿಂಗ್ ನೆನೆದು ಹ್ಯಾಂಡ್‌ಬ್ರೇಕು ಸುಮ್ನೆ ಅಲಂಕಾರಕ್ಕೆ.

ಚಕ್ರ ಬಿಚ್ಚುವ ಮುಂಚೆ ಒಂದು ಮಾತು: ಎಡಗಡೆ ಚಕ್ರದ ನಟ್ಟುಗಳು ಉಲ್ಟಾ ಥ್ರೆಡ್. ಟೈರ್ ಅಂಗಡಿಯ ಹುಡುಗ ಉದ್ದ ಪೈಪು ಸಿಕ್ಕಿಸಿ ನೇತಾಡುವ ಮೊದಲೇ ಹೇಳಿಬಿಡಿ.

ಸ್ಟೀರಿಂಗ್ ಅಲ್ಲಾಡುತ್ತದೆ ಅನ್ನುವ ದೂರು ಎಲ್ಲ ಕಡೆ ಕೇಳುತ್ತೀರಿ. ಜನ ನೇರ ಸ್ಟೀರಿಂಗ್ ಬಾಕ್ಸಿಗೆ ಕೈ ಹಾಕುತ್ತಾರೆ. ಮೊದಲು ಮುಂಭಾಗದ ಬೆಲ್‌ಕ್ರ್ಯಾಂಕ್ ನೋಡಿ. ಬಾಕ್ಸಿನಿಂದ ಬಂದ ರಾಡು ಇದಕ್ಕೆ ಸೇರಿ, ಇಲ್ಲಿಂದ ಎರಡು ಟೈ ರಾಡ್ ಎರಡು ಚಕ್ರಕ್ಕೆ ಹೋಗುತ್ತವೆ. ಒಬ್ಬರು ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪ ಆಡಿಸುತ್ತಿರಲಿ, ನೀವು ಕೆಳಗೆ ಮಲಗಿ ಬೆಲ್‌ಕ್ರ್ಯಾಂಕಿನ ಪಿನ್ ಮೇಲೆ ಬೆರಳಿಡಿ. ಟಕ್ ಟಕ್ ಅಂತ ಬೆರಳಿಗೇ ಗೊತ್ತಾಗುತ್ತದೆ.

ಈಗ ಪಾರ್ಟಿನ ವಿಷಯಕ್ಕೆ ಬರೋಣ. ನಾನು ಡಬ್ಬದಲ್ಲಿ ತರಿಸಿದ ಹೊಸ ಬೆಲ್‌ಕ್ರ್ಯಾಂಕ್ ನೋಡಲು ಥಳಥಳ. ಪಿನ್ ಹಾಕಿದರೆ ಸವೆದ ಹಳೆಯದಕ್ಕಿಂತ ಸಡಿಲ! ಕೊನೆಗೆ ಹಳೆಯದನ್ನೇ ಲೇತ್‌ನವರ ಹತ್ತಿರ ಒಯ್ದು, ಹೊಸ ಪಿನ್ ಮಾಡಿಸಿ, ಬೇರಿಂಗ್ ಕೂರುವ ಜಾಗ ಸರಿಮಾಡಿಸಿದೆ. ಇದೇ ಕಥೆ ಬಹಳ ಕಡೆ. ಈಗ ಬರುವ ಇಗ್ನಿಷನ್ ಕಂಡೆನ್ಸರ್ ಬಿಸಿ ಆದ ಕೂಡಲೇ ಕೈ ಕೊಡುತ್ತದೆ. ಹೊಸ ಕಾರ್ಬೊರೇಟರ್ ಮೊದಲ ದಿನ ಚೆಂದ, ಆಮೇಲೆ ಫ್ಲೋಟ್ ಮುಳುಗಿ ಪೆಟ್ರೋಲ್ ಹೊರಗೆ. ಮೂಲದ ಕಾರ್ಟರ್ ಕಾರ್ಬೊರೇಟರ್ ಕೊಳಕಾಗಿ ಮೂಲೆಯಲ್ಲಿ ಬಿದ್ದಿದ್ದರೂ ಎಸೆಯಬೇಡಿ. ಶುದ್ಧ ಮಾಡಿ ಗ್ಯಾಸ್ಕೆಟ್ ಕಿಟ್ ಹಾಕಿದರೆ ಅದೇ ವಾಸಿ.

ಹಾಗಂತ ಯುದ್ಧಕಾಲದ ಪೊಟ್ಟಣ ಒಡೆಯದ ಪಾರ್ಟು ಸಿಕ್ಕಿತು ಅಂತ ಕುಣಿಯುವುದೂ ಬೇಡ. ಮೇಣದಂಥ ಗ್ರೀಸು ಮೆತ್ತಿ ಕಾಗದ ಸುತ್ತಿದ ಗೇರು, ಶಾಫ್ಟು, ಬೇರಿಂಗು ಸಿಕ್ಕರೆ ಕಣ್ಣಿಗೊತ್ತಿಕೊಂಡು ತನ್ನಿ. ಆದರೆ ರಬ್ಬರ್? ಬ್ರೇಕ್ ಹೋಸು, ವೀಲ್ ಸಿಲಿಂಡರಿನ ರಬ್ಬರ್ ಕಪ್, ಪೆಟ್ರೋಲ್ ಪಂಪಿನ ಡಯಾಫ್ರಮ್ ಪೊಟ್ಟಣದೊಳಗೇ ಮುದಿಯಾಗಿರುತ್ತವೆ. ಎಥನಾಲ್ ಬೆರೆತ ಈಗಿನ ಪೆಟ್ರೋಲಿಗಂತೂ ಹಳೇ ಡಯಾಫ್ರಮ್ ತಾಳುವುದಿಲ್ಲ. ನನ್ನ ಲೆಕ್ಕ ಇಷ್ಟೇ: ಕಬ್ಬಿಣ ಹಳೆಯದಿರಲಿ, ರಬ್ಬರ್ ಹೊಸದಿರಲಿ, ಡಬ್ಬದಲ್ಲಿ ಬಂದ ಯಾವುದನ್ನೂ ಅಳೆಯದೆ ಹಾಕಬೇಡಿ.

ಕೊಳ್ಳಲು ಹೊರಟಿದ್ದರೆ ಎಂಜಿನ್ ಶಬ್ದ ಕೇಳಿ ಮರುಳಾಗಬೇಡಿ, ಎಂಜಿನ್ ಸರಿಮಾಡಬಹುದು. ಡ್ರೈವರ್ ಸೀಟು ಎತ್ತಿ ನೋಡಿ. ಪೆಟ್ರೋಲ್ ಟ್ಯಾಂಕು ಅದರ ಕೆಳಗೇ ಇದೆ, ಸುಮಾರು 57 ಲೀಟರಿನದ್ದು, ನೆಲದಲ್ಲಿನ ಒಂದು ಗುಳಿಯಲ್ಲಿ ಕೂತಿರುತ್ತದೆ. ಆ ಗುಳಿಯಲ್ಲಿ ಕೆಸರು, ನೀರು ನಿಂತು ತಳ ತಿಂದುಹಾಕಿರುತ್ತದೆ. ಆಮೇಲೆ ಗಾಡಿಯ ಅಡಿಗೆ ತೂರಿ ನೆಲಕ್ಕೆ ಆಸರೆಯಾಗಿರುವ ಉದ್ದನೆಯ ಚಾನಲ್‌ಗಳನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಒಳಗೆ ಮರದ ಪಟ್ಟಿ ತುಂಬಿಸಿದ್ದಾರೆ. ಮರ ನೀರು ಕುಡಿದರೆ ಒಳಗಿನಿಂದಲೇ ತುಕ್ಕು. ತಟ್ಟಿದಾಗ ಪೊಳ್ಳು ಸದ್ದು ಬಂದು ಪುಡಿ ಉದುರಿದರೆ ಬಾಡಿ ಕೆಲಸವೇ ಎಂಜಿನ್ನಿಗಿಂತ ಜಾಸ್ತಿ ಖರ್ಚು ಮಾಡಿಸುತ್ತದೆ. ಕೊನೆಗೆ ರೇಡಿಯೇಟರ್ ಕೆಳಗೆ ಚಾಸಿಯ ಮುಂದಿನ ಅಡ್ಡಪಟ್ಟಿ ನೋಡಿ. ದುಂಡನೆ ಪೈಪ್ ಇದ್ದರೆ ವಿಲ್ಲೀಸ್, ಮಗುಚಿದ ಯು ಆಕಾರದ ಪಟ್ಟಿ ಇದ್ದರೆ ಫೋರ್ಡ್. ಮಾರುವವರು ಬಾಯಲ್ಲಿ ಹೇಳುವುದಕ್ಕೂ ಅಲ್ಲಿ ಕಾಣುವುದಕ್ಕೂ ತಾಳೆಯಾಗದಿದ್ದರೆ, ಉಳಿದ ಮಾತುಗಳನ್ನೂ ಅದೇ ತಕ್ಕಡಿಯಲ್ಲಿ ತೂಗಿ ಬೆಲೆ ಮಾತಾಡಿ.