ಉಡುಪಿಗೆ ಹೂವು ಕಳಿಸುವುದು: ವೆಬ್‌ಸೈಟಾ, ಊರಿನ ಅಂಗಡಿಯಾ?

ಬೆಂಗಳೂರಲ್ಲೋ ದುಬೈಯಲ್ಲೋ ಕೂತು ಉಡುಪಿಯ ಅಮ್ಮನಿಗೆ ಹೂವು ಕಳಿಸಬೇಕು ಅಂದರೆ ಎರಡು ದಾರಿ ಇವೆ.

ವೆಬ್‌ಸೈಟ್ ಸುಲಭ. ಮಧ್ಯರಾತ್ರಿ ಬೇಕಾದರೂ ಆರ್ಡರ್ ಮಾಡಬಹುದು, ವಿದೇಶದ ಕಾರ್ಡ್ ನಡೆಯುತ್ತದೆ, ರಸೀದಿ ಸಿಗುತ್ತದೆ. ಆದರೆ ಬಹುತೇಕ ಸೈಟ್‌ಗಳು ಆರ್ಡರನ್ನು ಅಲ್ಲಿನ ಯಾವುದೋ ಅಂಗಡಿಗೆ ದಾಟಿಸುತ್ತವೆ. ಫೋಟೋದಲ್ಲಿ ಕಂಡ ಹೂವೇ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ನಾನು ಒಮ್ಮೆ ಕೆಂಪು ಗುಲಾಬಿ ಕೇಳಿದ್ದೆ. ಸಂಜೆ ತಲುಪಿದ್ದು ಬಾಡಿದ ಜರ್ಬೆರಾ. ಅಮ್ಮ ಏನೂ ಹೇಳಲಿಲ್ಲ, ನನಗೇ ಬೇಸರವಾಯಿತು.

ಊರಿನ ಹೂವಿನಂಗಡಿಗೆ ವಾಟ್ಸಾಪ್ ಮಾಡಿ ಯುಪಿಐನಲ್ಲಿ ದುಡ್ಡು ಹಾಕಿದರೆ ಕಥೆಯೇ ಬೇರೆ. ಅಲ್ಲಿ ಉಡುಪಿ ಹತ್ತಿರದ ಶಂಕರಪುರದ ಹೆಸರಾಂತ ಹೂವು, ಶಂಕರಪುರ ಮಲ್ಲಿಗೆ ಸಿಗುತ್ತದೆ! ಬಾಳೆನಾರಿನಲ್ಲಿ ಕಟ್ಟಿದ ಮೊಗ್ಗು, ಸಂಜೆಗೆ ಅರಳಿ ಮನೆಯೆಲ್ಲ ಘಮ. ಅಳತೆ ಮೊಳದಲ್ಲಲ್ಲ, ಚೆಂಡು (ಕಟ್ಟಿದ ಮಲ್ಲಿಗೆಯ ಒಂದು ಕಟ್ಟು) ಮತ್ತು ಅಟ್ಟೆಯಲ್ಲಿ. 4 ಚೆಂಡು ಸೇರಿದರೆ 1 ಅಟ್ಟೆ. ದರ ದಿನಾ ಬದಲಾಗುತ್ತದೆ. ಮದುವೆ ಸೀಸನ್, ಹಬ್ಬ ಬಂದರೆ ಜಾಸ್ತಿ. ಹಾಗಾಗಿ ಹಿಂದಿನ ದಿನವೇ ಹೇಳಿಡಿ. ಮನೆ ಹೆಸರು ಹೇಳಿದರೆ ದಾರಿಯೂ ಅವರಿಗೆ ಗೊತ್ತಾಗುತ್ತದೆ, ಅಲ್ವಾ?

ಕೇಕ್ ಊರಿನ ಬೇಕರಿಯಿಂದಲೇ ಇರಲಿ. ಸೀರೆ, ಪುಸ್ತಕ, ಮಿಕ್ಸರ್‌ಗೆ ಆನ್‌ಲೈನ್ ಸಾಕು. ಮಳೆಗಾಲದಲ್ಲಿ ಮಾತ್ರ ನಾಲ್ಕೈದು ದಿನ ಮೊದಲೇ ಆರ್ಡರ್ ಮಾಡಿ. ಬೆಂಗಳೂರಿಂದ ಬರುವ ದಾರಿಯ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಪಾರ್ಸೆಲ್ ಘಟ್ಟದ ಮೇಲೇ ನಿಲ್ಲುತ್ತದೆ.

ಊರಲ್ಲಿ ಪರಿಚಯದವರು ಯಾರೂ ಇಲ್ಲದಿದ್ದರೆ ವೆಬ್‌ಸೈಟೇ ಸರಿ. ಇದ್ದರೆ ನಾನಂತೂ ಮಲ್ಲಿಗೆಯನ್ನೇ ಕಳಿಸುತ್ತೇನೆ.