‘ಏರ್ ರೈಫಲ್ ತಾನೇ, ಲೈಸೆನ್ಸ್ ಬೇಡ’ ಅಂದವರಿಂದ ರೈಫಲ್ ಕೊಳ್ಳುವ ಮುನ್ನ

ಮಕ್ಕಳನ್ನು ರೈಫಲ್ ಶೂಟಿಂಗ್‌ಗೆ ಸೇರಿಸಲು ಓಡಾಡುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮೂರಿನ ಒಂದು ಖಾಸಗಿ ತರಬೇತಿ ಕೇಂದ್ರ ಮಗಳಿಗೆಂದು ನಮಗೆ ಮಾರಿದ್ದು ಸ್ಪರ್ಧೆಯ ರೈಫಲ್ ಅಲ್ಲವೇ ಅಲ್ಲ. ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಇಟ್ಟುಕೊಳ್ಳುವಂತೆಯೇ ಇಲ್ಲದ ಆಯುಧ ಅದು. ದೂರು ನಡೆಯುತ್ತಿರುವುದರಿಂದ ಕೇಂದ್ರದ ಹೆಸರು ಬರೆಯುತ್ತಿಲ್ಲ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದನ್ನು ನೋಡಿ ಮಗಳಿಗೆ ಹತ್ತಿದ ಹುಚ್ಚು ಇದು. ಅವರು ಆಡಿದ 50 ಮೀಟರ್ ಸ್ಪರ್ಧೆಗೆ ಬೇಕಾಗುವುದು ಪಾಯಿಂಟ್ ಟೂ ಟೂ ಕಾಡತೂಸಿನ ರೈಫಲ್, ಅದಕ್ಕೆ ಲೈಸೆನ್ಸ್ ಬೇಕೇ ಬೇಕು. ಹಾಗಾಗಿ ನಮ್ಮಲ್ಲಿ ಬಹುತೇಕ ಎಲ್ಲರೂ ಶುರು ಮಾಡುವುದು 10 ಮೀಟರ್ ಏರ್ ರೈಫಲ್‌ನಿಂದ. ಅಭಿನವ್ ಬಿಂದ್ರಾ 2008ರಲ್ಲಿ ಚಿನ್ನ ಗೆದ್ದ ವಿಭಾಗ. ಕೇಂದ್ರದ ಗೋಡೆಯ ಮೇಲೆ ಅವರದೇ ದೊಡ್ಡ ಫೋಟೊ ಇತ್ತು.

ಸೇರಿ ಸ್ವಲ್ಪ ದಿನ ಆಗಿತ್ತಷ್ಟೇ, ‘ಸ್ವಂತ ರೈಫಲ್ ಇಲ್ಲದಿದ್ದರೆ ಮಗು ಹಿಂದೆ ಬೀಳುತ್ತೆ ಸಾರ್’ ಅಂತ ಶುರುವಾಯಿತು. ಬೇರೆ ಪೋಷಕರು ಆಗಲೇ ಕೊಂಡಾಗಿದೆ, ಇದು ಕೊನೆಯದು, ವಿದೇಶಿ ಮಾಲು, ಸೆಕೆಂಡ್ ಹ್ಯಾಂಡ್ ಆದ್ದರಿಂದ 28,000ಕ್ಕೆ ಸಿಗುತ್ತಿದೆ. ಬಿಲ್ ಕೇಳಿದರೆ, ‘ಏರ್ ರೈಫಲ್ ತಾನೇ, ಲೈಸೆನ್ಸೇ ಬೇಡದ ಮೇಲೆ ಬಿಲ್ ಯಾಕೆ?’ ಕೊಡಗಿನ ಕಥೆಯನ್ನೂ ಹೇಳಿದರು, ಅಲ್ಲಿ ಮನೆಮನೆಯಲ್ಲೂ ಕೋವಿ ಇದೆ, ಯಾರು ಕೇಳುತ್ತಾರೆ ಅಂತ. ಲೈಸೆನ್ಸ್‌ನಿಂದ ಆ ವಿನಾಯಿತಿ ಇರುವುದು ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ಪಾರಂಪರಿಕ ಭೂಮಿ) ಹಿಡುವಳಿದಾರರಿಗೆ. ನಾವು ಎರಡೂ ಅಲ್ಲ. ಅದನ್ನು ತಂದು ನಮ್ಮ ತಲೆಗೆ ಕಟ್ಟುವುದೇ?

ವಿಷಯ ಬಯಲಾದದ್ದು ರಾಜ್ಯ ರೈಫಲ್ ಸಂಸ್ಥೆಗೆ ಸೇರಿದ ಇನ್ನೊಂದು ರೇಂಜ್‌ಗೆ ಹೋದಾಗ. ಅಲ್ಲಿನ ಕೋಚ್ ರೈಫಲನ್ನು ಕೈಗೆ ತೆಗೆದುಕೊಂಡು, ಖಾಲಿ ಇದೆಯೇ ಅಂತ ಮೊದಲು ನೋಡಿ, ಹಿಂಬದಿ ತೆರೆಯಲೆಂದು ಬ್ಯಾರಲ್ (ನಳಿಕೆ) ಬಗ್ಗಿಸಿದರು. ತಮ್ಮ ಡಬ್ಬಿಯಿಂದ ಒಂದು ಪೆಲೆಟ್ (ಏರ್ ರೈಫಲ್‌ನ ಸಣ್ಣ ಗುಂಡು) ತೆಗೆದು ಹಿಂಬದಿಯಿಂದ ಒಳಗೆ ಬಿಟ್ಟರು. ಅದು ಎಲ್ಲೂ ನಿಲ್ಲದೆ ಜಾರಿ, ಮುಂದಿನ ತುದಿಯಿಂದ ಟಣ್ ಅಂತ ಮೇಜಿನ ಮೇಲೆ ಬಿತ್ತು. ‘ನಮ್ಮದು ನಾಲ್ಕೂವರೆ ಮಿಲಿಮೀಟರ್ ಸಾರ್, ಇದು ಐದೂವರೆ. ಯಾರು ಕೊಟ್ಟಿದ್ದು ಇದನ್ನ?’ ಬ್ಯಾರಲ್ ಬುಡದಲ್ಲಿ, ಎಣ್ಣೆಯ ಕೊಳೆ ಮೆತ್ತಿಕೊಂಡ ಜಾಗವನ್ನು ಬಟ್ಟೆಯಿಂದ ಉಜ್ಜಿ ತೋರಿಸಿದರು, 5.5 ಅಂತ ಕೆತ್ತಿತ್ತು.

ಲೈಸೆನ್ಸ್ ಬೇಡ ಅನ್ನುವ ಮಾತು ಪೂರ್ತಿ ಸುಳ್ಳಲ್ಲ, ಅರ್ಧ ನಿಜ. ಅದಕ್ಕೇ ಜನ ಬೀಳುವುದು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಬ್ಯಾರಲ್ಲಿನ ಒಳ ಅಳತೆ 4.5 ಮಿಲಿಮೀಟರ್ ಮೀರಬಾರದು, ಪೆಲೆಟ್ ಹೊರಬೀಳುವಾಗಿನ ಶಕ್ತಿ 20 ಜೂಲ್ ಮೀರಬಾರದು. ಎರಡೂ ಮಿತಿಯೊಳಗಿದ್ದರೆ ಮಾತ್ರ ಕೊಳ್ಳುವವರಿಗೆ ಲೈಸೆನ್ಸ್ ಬೇಡ. ಒಂದು ಮೀರಿದರೂ ಅದಕ್ಕೆ ಲೈಸೆನ್ಸ್ ಬೇಕು, ಇಲ್ಲದೆ ಇಟ್ಟುಕೊಂಡರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಮಾರುವವರಿಗೆ ಅಂತೂ ಪರವಾನಗಿ ಇರಲೇಬೇಕು. ಪರವಾನಗಿ ಇರುವ ಅಂಗಡಿಯವರು ನಿಮ್ಮ ಗುರುತಿನ ಚೀಟಿ, ವಿಳಾಸದ ದಾಖಲೆ ಎಲ್ಲ ಕೇಳಿ ಬರೆದುಕೊಳ್ಳುತ್ತಾರೆ. ಅದು ಕಿರಿಕಿರಿ ಅಲ್ಲ, ಅಂಗಡಿ ಸರಿಯಾಗಿದೆ ಅನ್ನುವುದಕ್ಕೆ ಗುರುತು.

ಕೇಂದ್ರಕ್ಕೆ ಹೋಗಿ ಕೇಳಿದಾಗ ಬಂದ ಉತ್ತರ ಕೇಳಿ: ‘5.5 ಅಂತ ಒಲಿಂಪಿಕ್ ರೂಲ್‌ನಲ್ಲೇ ಇದೆ ಸಾರ್.’ ಇದೆ, ನಿಜ. ಆದರೆ ಅದು ಕಿಲೋ. ಸ್ಪರ್ಧೆಯ ಏರ್ ರೈಫಲ್ 5.5 ಕಿಲೋ ಮೀರಬಾರದು ಅಂತ ತೂಕದ ಮಿತಿ. ತರಬೇತಿ ಕೊಡುವವರಿಗೆ ಇದು ಗೊತ್ತಿರಲಿಲ್ಲವೋ, ನಮಗೆ ಗೊತ್ತಿಲ್ಲ ಅಂದುಕೊಂಡರೋ, ಯಾವುದಾದರೂ ನಾಚಿಕೆಗೇಡೇ.

ಆಮೇಲೆ ಒಂದೊಂದಾಗಿ ಉಳಿದದ್ದೂ ಅರ್ಥವಾಯಿತು. ಅವರು ಮಾರುತ್ತಿದ್ದದ್ದು ಚೂಪು ಮೂತಿಯ ಪೆಲೆಟ್. ಸ್ಪರ್ಧೆಯಲ್ಲಿ ಬಳಸುವುದು ಚಪ್ಪಟೆ ಮೂತಿಯದು, ಅದು ಕಾಗದದಲ್ಲಿ ದುಂಡಗೆ, ಪಂಚಿಂಗ್ ಮಿಷನ್ ಹೊಡೆದಂತೆ ತೂತು ಮಾಡುತ್ತದೆ. ಚೂಪಿನದು ಕಾಗದ ಹರಿಯುತ್ತದೆ. ನಡುವಿನ 10 ಅಂಕದ ಚುಕ್ಕಿ ಇರುವುದೇ ಅರ್ಧ ಮಿಲಿಮೀಟರ್, ಹರಿದ ಕಾಗದದಲ್ಲಿ ಅಂಕ ಎಣಿಸುವುದು ಹೇಗೆ? ಎಣಿಸುತ್ತಿದ್ದರು, ಪ್ರತಿ ಸಲವೂ ಧಾರಾಳವಾಗಿ. ಮಗಳು ರಾಜ್ಯ ಮಟ್ಟಕ್ಕೆ ತಯಾರು ಅಂತ ನಮಗೂ ಅನ್ನಿಸಿತ್ತು.

ಇದಕ್ಕಿಂತ ನನಗೆ ಸಿಟ್ಟು ಬಂದದ್ದು ಸುರಕ್ಷತೆಯ ವಿಷಯಕ್ಕೆ. ಟಾರ್ಗೆಟ್ ಹಿಂದೆ ಇದ್ದದ್ದು ನೇರವಾಗಿ ನಿಲ್ಲಿಸಿದ ಕಬ್ಬಿಣದ ತಗಡು, ಪೆಲೆಟ್ ವಾಪಸ್ ಸಿಡಿಯುತ್ತಿತ್ತು. ಕನ್ನಡಕ ಯಾರ ಕಣ್ಣಿಗೂ ಇಲ್ಲ. ಒಬ್ಬ ಹುಡುಗ ಟಾರ್ಗೆಟ್ ಬದಲಿಸಲು ಮುಂದೆ ಹೋಗಿರುವಾಗಲೇ ಪಕ್ಕದವನು ಲೋಡ್ ಮಾಡುತ್ತಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ. ಸರಿಯಾದ ರೇಂಜ್‌ನಲ್ಲಿ ಕೋಚ್ ಆಜ್ಞೆ ಕೊಡದೆ ಯಾರೂ ಲೋಡ್ ಮಾಡುವ ಹಾಗಿಲ್ಲ. ಹೊಡೆಯದಿರುವಾಗ ಬ್ಯಾರಲ್ ಒಳಗಿಂದ ಕಿತ್ತಳೆ ಬಣ್ಣದ ದಾರ ಹಾದಿರುತ್ತದೆ, ದೂರದಿಂದಲೇ ಖಾಲಿ ಅಂತ ಕಾಣಲಿ ಎಂದು. ಪೆಲೆಟ್ ಸೀಸದ್ದು, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ತಿಂಡಿ ಮುಟ್ಟಲು ಬಿಡುವುದಿಲ್ಲ. ಮೊದಲ ಭೇಟಿಯಲ್ಲಿ ಟ್ರೋಫಿ ನೋಡಬೇಡಿ, ಈ ದಾರ ಇದೆಯೇ ನೋಡಿ.

ಕೇಂದ್ರದ ಸರ್ಟಿಫಿಕೇಟ್‌ಗೆ ಹೊರಗೆ ಮೂರು ಕಾಸಿನ ಬೆಲೆ ಇಲ್ಲ. ಅಧಿಕೃತ ಸ್ಪರ್ಧೆಗಳ ದಾರಿ ರಾಜ್ಯ ರೈಫಲ್ ಸಂಸ್ಥೆಯ ಮೂಲಕ, ಮೇಲೆ ಭಾರತೀಯ ರಾಷ್ಟ್ರೀಯ ರೈಫಲ್ ಸಂಸ್ಥೆ. ನಿಮ್ಮ ಕೇಂದ್ರ ಅದಕ್ಕೆ ಸೇರಿದೆಯೇ ಅನ್ನುವುದನ್ನು ಕೇಂದ್ರದವರನ್ನಲ್ಲ, ಸಂಸ್ಥೆಯನ್ನೇ ಕೇಳಿ.

ರೈಫಲ್ ಕೊಳ್ಳುವ ಅವಸರ ಬೇಡ. ಮಗಳು ಈಗ ರೇಂಜಿನ ರೈಫಲ್‌ನಲ್ಲೇ ಕಲಿಯುತ್ತಿದ್ದಾಳೆ, ಏನೂ ಹಿಂದೆ ಬಿದ್ದಿಲ್ಲ. ಮುಂದೆ ಕೊಂಡರೂ ಸೆಕೆಂಡ್ ಹ್ಯಾಂಡ್ ಆದರೆ ಸ್ಪರ್ಧೆಯ ರೈಫಲ್‌ಗೆ ಜೋಡಿಸಿರುವ, ಗಾಳಿ ತುಂಬುವ ಸಿಲಿಂಡರ್ ಮೇಲಿನ ತಾರೀಖು ನೋಡಲೇಬೇಕು. ಅವಧಿ ಮುಗಿದ ಸಿಲಿಂಡರ್ ಬಳಸುವಂತಿಲ್ಲ, ಹೆಸರಾಂತ ಕಂಪನಿಗಳು ಸಾಮಾನ್ಯವಾಗಿ ಕೊಡುವ ಅವಧಿ 10 ವರ್ಷ.

ನಮ್ಮ ಆ 5.5ನ್ನು ವಕೀಲರ ಮೂಲಕ ಅರ್ಜಿ ಬರೆದು ಠಾಣೆಗೆ ಒಪ್ಪಿಸಿ ಸ್ವೀಕೃತಿ ತೆಗೆದುಕೊಂಡಿದ್ದೇವೆ. ಮಾರಿದ್ದು ತಾವಲ್ಲ, ಅಲ್ಲಿಗೆ ಬಂದುಹೋಗುತ್ತಿದ್ದ ಯಾರೋ ಅಂತ ಕೇಂದ್ರ ಈಗ ಹೇಳುತ್ತಿದೆ. ಹಣ ಹೋಗಿರುವುದು ಅವರ ಖಾತೆಗೇ, ಆ ದಾಖಲೆ ಗ್ರಾಹಕರ ಆಯೋಗದ ದೂರಿನ ಜೊತೆಗಿದೆ. ಬಿಲ್ ಇಲ್ಲದೆ ಕೊಂಡ ಬೇರೆ ಪೋಷಕರೂ ಇದ್ದೀರಿ ಅಂತ ಗೊತ್ತು. ಬ್ಯಾರಲ್ ಬುಡವನ್ನು ಇವತ್ತೇ ಒರೆಸಿ ನೋಡಿ. 5.5 ಅಂತ ಕಂಡರೆ ಕೊಟ್ಟ ದುಡ್ಡಾದರೂ ವಾಪಸ್ ಬರಲಿ ಅಂತ ಇನ್ನೊಬ್ಬರಿಗೆ ಮಾರಲು ಹೋಗಬೇಡಿ, ಅದೂ ಅಪರಾಧವೇ. ಮೊದಲು ವಕೀಲರ ಹತ್ತಿರ ಹೋಗಿ.